ಟೂರಿಂಗ್ ಬೈಕಿನ ಮೈಲೇಜ್ ಬಿದ್ದಿದೆಯಾ? ಕಾರವಾರ, ಕುಮಟಾ, ಶಿರಸಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಬೈಕ್ ಓಡಿಸುವವರಿಗೆ ಹೆದ್ದಾರಿ, ಘಟ್ಟ, ಮಳೆ, ಉಪ್ಪುಗಾಳಿ ಎಲ್ಲವೂ ಒಂದೇ ದಿನದಲ್ಲಿ ಸಿಗುತ್ತವೆ. ಹಾಗಾಗಿ ಮೈಲೇಜ್ ಬಿದ್ದಾಗ ದೂರಲು ಜನರಿಗೆ ಕಾರಣಗಳೂ ಬೇಕಾದಷ್ಟು ಸಿಗುತ್ತವೆ. ಕೆಲವರು ಘಟ್ಟವನ್ನು ಬೈಯುತ್ತಾರೆ, ಕೆಲವರು ಪೆಟ್ರೋಲಿಗೆ ಬೆರೆಸುವ ಎಥನಾಲನ್ನು, ಇನ್ನು ಕೆಲವರು ಬಂಕಿನವರನ್ನು. ನಿಜವಾದ ಕಾರಣ ಬಹಳ ಸಲ ಎಂಜಿನ್ನಿನ ಒಳಗೂ ಇರುವುದಿಲ್ಲ, ಪೆಟ್ರೋಲಿನಲ್ಲೂ ಇರುವುದಿಲ್ಲ. ಟೈರು, ಬ್ರೇಕು, ಚೈನು, ವೇಗ, ಈ ನಾಲ್ಕರಲ್ಲಿ ಎಲ್ಲೋ ಒಂದು ಕಡೆ ಇರುತ್ತದೆ. ಆದ್ದರಿಂದ ಕೆಳಗಿನ ಉತ್ತರಗಳಲ್ಲಿ ಖರ್ಚಿಲ್ಲದ ಕೆಲಸ ಮೊದಲು, ಗ್ಯಾರೇಜ್ ಆಮೇಲೆ.

ಮೈಲೇಜ್ ಬಿದ್ದಿದೆ ಅನ್ನಿಸುತ್ತಿದೆ. ಮೊದಲು ಏನು ಮಾಡಲಿ?

ಮೊದಲು ಅಳೆಯಿರಿ. "ಮೊನ್ನೆ ಐನೂರು ರೂಪಾಯಿ ಹಾಕಿಸಿದ್ದೆ, ಹೊನ್ನಾವರಕ್ಕೆ ಹೋಗಿ ಬರುವಷ್ಟರಲ್ಲಿ ರಿಸರ್ವ್ ಬಂತು" ಅನ್ನುವುದು ಅಳತೆ ಅಲ್ಲ. ಟ್ಯಾಂಕ್ ಭರ್ತಿ ಮಾಡಿಸಿ, ಟ್ರಿಪ್ ಮೀಟರ್ ಸೊನ್ನೆಗೆ ತನ್ನಿ, ಕಡಿಮೆ ಅಂದರೆ 200 ಕಿಲೋಮೀಟರ್ ಓಡಿಸಿ, ಮತ್ತೆ ಭರ್ತಿ ಮಾಡಿಸಿ. ಎರಡನೇ ಸಲ ಎಷ್ಟು ಲೀಟರ್ ಹಿಡಿಯಿತೋ ಅದರಿಂದ ಓಡಿದ ಕಿಲೋಮೀಟರನ್ನು ಭಾಗಿಸಿ. 310 ಕಿಲೋಮೀಟರ್ ಓಡಿ 10.4 ಲೀಟರ್ ಹಿಡಿದರೆ ಮೈಲೇಜ್ 29.8. ಇಷ್ಟೇ ಲೆಕ್ಕ.

ಆದರೆ ಈ ಲೆಕ್ಕ ಕೆಡುವುದು ಬಂಕಿನಲ್ಲಿ ಗಾಡಿ ನಿಲ್ಲಿಸುವ ರೀತಿಯಿಂದ. ಒಂದು ಸಲ ಸೈಡ್ ಸ್ಟ್ಯಾಂಡ್, ಇನ್ನೊಂದು ಸಲ ಮೇನ್ ಸ್ಟ್ಯಾಂಡ್ ಹಾಕಿದರೆ ಟ್ಯಾಂಕ್ ಹಿಡಿಯುವ ಪೆಟ್ರೋಲ್ ಅರ್ಧ ಲೀಟರ್ ಆಚೀಚೆ ಆಗಬಹುದು. ಹತ್ತು ಲೀಟರಿನಲ್ಲಿ ಅರ್ಧ ಲೀಟರ್ ಅಂದರೆ ಶೇಕಡಾ 5, ನೀವು ಹುಡುಕುತ್ತಿರುವ ವ್ಯತ್ಯಾಸವೇ ಅಷ್ಟಿರುತ್ತದೆ ಅಲ್ವಾ? ಹಾಗಾಗಿ ಅದೇ ಬಂಕ್, ಸಾಧ್ಯ ಆದರೆ ಅದೇ ಪಂಪ್, ಎರಡೂ ಸಲ ಗಾಡಿ ನೇರವಾಗಿ ನಿಂತಿರಬೇಕು, ಎರಡೂ ಸಲ ಅದೇ ಗೆರೆಯವರೆಗೆ ತುಂಬಿಸಬೇಕು. ಒಂದು ಟ್ಯಾಂಕಿನ ಲೆಕ್ಕ ನಂಬಬೇಡಿ. ಮೂರು ಟ್ಯಾಂಕ್ ಸತತವಾಗಿ ಕಡಿಮೆ ಬಂದರೆ ಆಗ ಯೋಚಿಸೋಣ.

ಮೀಟರಿನಲ್ಲಿ ತೋರಿಸುವ ಆವರೇಜ್ ನಂಬಬಹುದಾ?

ಏರಿತಾ ಇಳಿಯಿತಾ ಅಂತ ನೋಡಲು ನಂಬಬಹುದು. ಅಂಕಿ ನಂಬಬೇಡಿ. ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಅನ್ನುವುದರ ಮೇಲೆ ಅದು ಲೆಕ್ಕ ಹಾಕುತ್ತದೆ, ಸಾಮಾನ್ಯವಾಗಿ ಸ್ವಲ್ಪ ಉದಾರವಾಗಿಯೇ ಇರುತ್ತದೆ. ಇನ್ನೊಂದು ವಿಷಯ: ಟೈರ್ ಸೈಜ್ ಬದಲಾಯಿಸಿದ್ದರೆ ಕಿಲೋಮೀಟರ್ ಲೆಕ್ಕವೇ ತಪ್ಪಬಹುದು. ಕೆಲವು ಗಾಡಿಗಳಲ್ಲಿ ವೇಗದ ಸೆನ್ಸರ್ ಗೇರ್‌ಬಾಕ್ಸಿನಲ್ಲಿ ಇರುತ್ತದೆ, ಅಂಥವುಗಳಲ್ಲಿ ಸ್ಪ್ರಾಕೆಟ್ (ಚೈನು ಕೂರುವ ಹಲ್ಲುಚಕ್ರ) ಬದಲಾದರೂ ಹೀಗೆಯೇ. ಅನುಮಾನ ಇದ್ದರೆ ಹೆದ್ದಾರಿಯ ಕಿಲೋಮೀಟರ್ ಕಲ್ಲು ನೋಡಿಕೊಂಡು ಇಪ್ಪತ್ತು ಕಿಲೋಮೀಟರ್ ಓಡಿಸಿ, ಮೀಟರ್ ಜೊತೆ ತಾಳೆ ಹಾಕಿ.

ನನ್ನ ಬೈಕಿಗೆ ಎಷ್ಟು ಮೈಲೇಜ್ ಬಂದರೆ ಸರಿ?

250 ಸಿಸಿ ಟೂರಿಂಗ್ ಬೈಕ್ ಆದರೆ ನೆಟ್ಟಗೆ ಓಡಿಸಿದರೆ 32ರಿಂದ 36. 350ರಿಂದ 411 ಸಿಸಿಯ ಒಂಟಿ ಸಿಲಿಂಡರ್ ಗಾಡಿಗಳು 30ರ ಆಚೀಚೆ. 390, 450 ಸಿಸಿಯವು 25ರಿಂದ 30, ಕೈ ಹೇಗಿದೆ ಅನ್ನುವುದರ ಮೇಲೆ. 650ರ ಜೋಡಿ ಸಿಲಿಂಡರ್ ಆದರೆ 22ರಿಂದ 26. ಇವು ಸುಮಾರು ಲೆಕ್ಕ ಮಾತ್ರ. ಗೆಳೆಯನ ಬೈಕಿಗೆ ಹೋಲಿಸಬೇಡಿ, ನಿಮ್ಮದೇ ಬೈಕು ಕಳೆದ ವರ್ಷ ಅದೇ ದಾರಿಯಲ್ಲಿ ಎಷ್ಟು ಕೊಟ್ಟಿತ್ತು ಅನ್ನುವುದಕ್ಕೆ ಹೋಲಿಸಿ. ಶೇಕಡಾ 5 ಕಡಿಮೆ ಬಂದರೆ ಸುಮ್ನೆ ಬಿಡಿ. ಶೇಕಡಾ 15 ಕಡಿಮೆ ಬಂದರೆ ಎಲ್ಲೋ ಏನೋ ಆಗಿದೆ.

ಹೊಚ್ಚಹೊಸ ಗಾಡಿ ಆದರೆ ಮೊದಲ ಒಂದೆರಡು ಸಾವಿರ ಕಿಲೋಮೀಟರ್ ತಲೆ ಕೆಡಿಸಿಕೊಳ್ಳಬೇಡಿ.

ಕುಮಟಾದಿಂದ ಶಿರಸಿಗೆ ಘಟ್ಟ ಹತ್ತಿದರೆ ಮೈಲೇಜ್ ಅರ್ಧಕ್ಕೆ ಇಳಿಯುತ್ತದೆ. ಇದು ಸಹಜವಾ?

ಇಲ್ಲ. ಇದನ್ನು ಸ್ವಲ್ಪ ಲೆಕ್ಕ ಹಾಕಿಯೇ ನೋಡೋಣ, ಯಾಕೆಂದರೆ ಘಟ್ಟದ ಮೇಲೆ ಹೊರಿಸುವ ಆರೋಪ ವಿಪರೀತ ಜಾಸ್ತಿ.

ಶಿರಸಿ ಇರುವುದು ಸಮುದ್ರ ಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿ. 200 ಕಿಲೋ ಬೈಕು, ನೀವು, ಬ್ಯಾಗು ಎಲ್ಲ ಸೇರಿ 300 ಕಿಲೋ ಅಂತ ಇಟ್ಟುಕೊಳ್ಳಿ. ಅಷ್ಟು ಭಾರವನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾದ ಶಕ್ತಿ ಸುಮಾರು 17 ಲಕ್ಷ ಜೂಲ್. ಒಂದು ಲೀಟರ್ ಪೆಟ್ರೋಲಿನಲ್ಲಿ 3.2 ಕೋಟಿ ಜೂಲ್ ಆಸುಪಾಸು ಇರುತ್ತದೆ, ಅದರಲ್ಲಿ ಚಕ್ರಕ್ಕೆ ಸಿಗುವುದು ಕಾಲು ಭಾಗ, ಅಂದರೆ 80 ಲಕ್ಷ. ಭಾಗಿಸಿ ನೋಡಿದರೆ ಘಟ್ಟ ಹತ್ತಿದ್ದಕ್ಕೆ ಹೆಚ್ಚುವರಿ ಖರ್ಚಾದ ಪೆಟ್ರೋಲ್ ಕಾಲು ಲೀಟರಿಗಿಂತಲೂ ಕಡಿಮೆ!

ಕುಮಟಾ–ಶಿರಸಿ 60 ಕಿಲೋಮೀಟರ್ ಆಸುಪಾಸು. 30 ಕೊಡುವ ಗಾಡಿಗೆ ಸಮತಟ್ಟು ದಾರಿಯಲ್ಲಿ 2 ಲೀಟರ್ ಬೇಕು, ಈಗ 2.2 ಆಯಿತು. ಮೈಲೇಜ್ 27. ತಿರುವಿಗೊಮ್ಮೆ ಬ್ರೇಕು, ಎರಡನೇ ಗೇರಿನಲ್ಲಿ ಲಾರಿಯ ಹಿಂದೆ ತೆವಳುವುದು, ಮತ್ತೆ ಎಳೆಯುವುದು ಎಲ್ಲ ಸೇರಿ 24–25ಕ್ಕೆ ಬಂದರೆ ಒಪ್ಪಬಹುದು. 15 ಬಂದರೆ ಘಟ್ಟದ ತಪ್ಪಲ್ಲ. ಈ ದಾರಿಯ ದೇವಿಮನೆ ಘಟ್ಟದ ನಿಜವಾದ ಏರು ಕೆಲವೇ ಕಿಲೋಮೀಟರ್. ಆ ತುಂಡಿನಲ್ಲಿ ಮೀಟರ್ ಹದಿನೈದೋ ಹದಿನೆಂಟೋ ತೋರಿಸುತ್ತದೆ, ಜನ ಅದನ್ನೇ ನೋಡಿ ಗಾಬರಿ ಬೀಳುತ್ತಾರೆ. ಮೇಲೆ ಹತ್ತಿಸಿದ ಶಕ್ತಿ ಇಳಿಯುವಾಗ ಒಂದಷ್ಟು ವಾಪಸ್ ಸಿಗುತ್ತದೆ. ಹೋಗಿ ಬರುವ ಎರಡೂ ಸೇರಿಸಿ ಲೆಕ್ಕ ಹಾಕಿ. ಅರಬೈಲ್ ಘಟ್ಟ, ಗೇರುಸೊಪ್ಪೆ ಮೇಲಿನ ಮಾಲೆಮನೆ ಘಟ್ಟ, ಕದ್ರಾ ಮೇಲೆ ಅಣಶಿ, ಎಲ್ಲಕ್ಕೂ ಇದೇ ಮಾತು.

ಎತ್ತರದಲ್ಲಿ ಗಾಳಿ ತೆಳು ಆಗಿ ಎಂಜಿನ್ ಕುಡಿಯುತ್ತದೆ ಅನ್ನುವ ಮಾತು ಲಡಾಖಿಗೆ ಸರಿ, ಶಿರಸಿಗೆ ಅಲ್ಲ.

ಇಳಿಯುವಾಗ ಎಂಜಿನ್ ಬಂದ್ ಮಾಡಿದರೆ ಅಥವಾ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತದಾ?

ದಯವಿಟ್ಟು ಬೇಡ. ನಮ್ಮ ಹಿರಿಯರು ಹಳೇ ಸ್ಕೂಟರಿನಲ್ಲಿ ಹೀಗೆ ಮಾಡುತ್ತಿದ್ದರು, ಅದೇ ಅಭ್ಯಾಸ ಮುಂದುವರಿದಿದೆ. ಫ್ಯುಯೆಲ್ ಇಂಜೆಕ್ಷನ್ ಗಾಡಿಯಲ್ಲಿ ಗೇರ್ ಇದ್ದು ಎಕ್ಸಲೇಟರ್ ಪೂರ್ತಿ ಬಿಟ್ಟರೆ, ಎಂಜಿನ್ ವೇಗ ಒಂದು ಮಟ್ಟಕ್ಕಿಂತ ಮೇಲಿರುವಷ್ಟು ಹೊತ್ತು, ಇಂಜೆಕ್ಟರ್ ಪೆಟ್ರೋಲನ್ನೇ ನಿಲ್ಲಿಸುತ್ತದೆ. ಚಕ್ರವೇ ಎಂಜಿನ್ನನ್ನು ತಿರುಗಿಸುತ್ತಾ ಇರುತ್ತದೆ. ಖರ್ಚು ಸೊನ್ನೆ. ನ್ಯೂಟ್ರಲ್ ಹಾಕಿದಿರೋ, ಎಂಜಿನ್ ಐಡಲ್ ಓಡಲು ಪೆಟ್ರೋಲ್ ಬೇಕೇ ಬೇಕು. ಅಂದರೆ ಉಳಿಸಲು ಹೋಗಿ ಖರ್ಚು ಮಾಡಿದ ಹಾಗಾಯಿತು.

ಬಂದ್ ಮಾಡಿ ಉರುಳಿಸುವುದಂತೂ ಹುಚ್ಚುತನ. ಎಂಜಿನ್ ಹಿಡಿತ ಇಲ್ಲದೆ 300 ಕಿಲೋ ಭಾರ ಪೂರ್ತಿ ಬ್ರೇಕಿನ ಮೇಲೆ ಬೀಳುತ್ತದೆ. ಒಂದೇ ಸಮ ಬ್ರೇಕ್ ಒತ್ತಿ ಡಿಸ್ಕ್ ಕಾದರೆ ಹಿಡಿತ ಕಡಿಮೆ ಆಗುತ್ತದೆ. ಮಳೆಯಲ್ಲಿ, ತಿರುವಿನಲ್ಲಿ, ಎದುರಿಗೆ ಬಸ್ಸು ಬಂದಾಗ ಇದು ಬೇಕಾ? ಹತ್ತಿದ ಗೇರಿನಲ್ಲೇ ಇಳಿಯಿರಿ. ಇಂಜೆಕ್ಷನ್ ಇಲ್ಲದ ಹಳೇ ಕಾರ್ಬುರೇಟರ್ ಗಾಡಿಯಲ್ಲಿ ಪೆಟ್ರೋಲ್ ಪೂರ್ತಿ ನಿಲ್ಲುವುದಿಲ್ಲ, ಆದರೂ ಗೇರಿನಲ್ಲೇ ಇಳಿಯಿರಿ.

ಘಟ್ಟದಲ್ಲೇ ಒಳ್ಳೆ ಮೈಲೇಜ್, ನಾಲ್ಕು ಲೇನ್ ಹೆದ್ದಾರಿಯಲ್ಲಿ ಕಡಿಮೆ. ಇದು ಉಲ್ಟಾ ಅಲ್ವಾ?

ಉಲ್ಟಾ ಅಲ್ಲ, ಇದೇ ಸರಿ. ಹೆದ್ದಾರಿ 66 ಅಗಲ ಆದ ಮೇಲೆ ನಮ್ಮ ಕಡೆಯವರ ಮೈಲೇಜ್ ಬಿದ್ದಿರುವುದಕ್ಕೆ ದೊಡ್ಡ ಕಾರಣ ಅದೇ ಅಂತ ನನ್ನ ಅನಿಸಿಕೆ. ಮೊದಲು ಅಂಕೋಲಾ–ಕುಮಟಾ ನಡುವೆ 60ರಲ್ಲಿ ಹೋಗುತ್ತಿದ್ದವರು ಈಗ 100ರಲ್ಲಿ ಹೋಗುತ್ತಾರೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಿಂದ 100ಕ್ಕೆ ಹೋದರೆ ವೇಗ ಏರಿದ್ದು ಕಾಲು ಭಾಗ, ಗಾಳಿಯ ತಡೆ ಏರಿದ್ದು ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಬೈಕಿನ ಆಕಾರ ಕಾರಿನ ಹಾಗೆ ನುಣುಪಾಗಿಲ್ಲ. ನೀವು ನೇರ ಕುಳಿತು ಎದೆಯೊಡ್ಡಿದರೆ ನೀವೇ ಒಂದು ಗೋಡೆ.

ಇದರ ಮೇಲೆ ಟಾಪ್ ಬಾಕ್ಸ್, ಎರಡು ಬದಿಗೆ ಅಲ್ಯೂಮಿನಿಯಂ ಪೆಟ್ಟಿಗೆ, ಜೆರಿ ಕ್ಯಾನು. ಜನ ಇವುಗಳ ತೂಕದ ಬಗ್ಗೆ ಚಿಂತೆ ಮಾಡುತ್ತಾರೆ. ಸಮತಟ್ಟು ಹೆದ್ದಾರಿಯಲ್ಲಿ ತೂಕಕ್ಕಿಂತ ಅಗಲವೇ ಹೆಚ್ಚು ತಿನ್ನುತ್ತದೆ. ಖಾಲಿ ಪೆಟ್ಟಿಗೆಯೂ ತುಂಬಿದ ಪೆಟ್ಟಿಗೆಯಷ್ಟೇ ಗಾಳಿ ತಡೆಯುತ್ತದೆ. ಲಡಾಖಿಗೆ ಹೋಗಿ ಬಂದು ವರ್ಷ ಆದರೂ ಬಾಕ್ಸ್ ಬಿಚ್ಚದೆ ಕಾರವಾರ ಪೇಟೆಗೆ ತರಕಾರಿ ತರಲು ಹೋಗುವವರು ಇದ್ದಾರೆ, ಅವರಿಗೆ ಹೇಳುವುದು ಇಷ್ಟೇ: ಬಿಚ್ಚಿಡಿ ಮಾರಾಯ್ರೇ.

ಮಧ್ಯಾಹ್ನದ ಮೇಲೆ ಕಡಲಗಾಳಿ ಜೋರಾಗುತ್ತದೆ, ನಮ್ಮ ಕರಾವಳಿಯಲ್ಲಿ ಬೇಸಿಗೆಯಲ್ಲಿ ಅದು ಹೆಚ್ಚಾಗಿ ವಾಯವ್ಯದಿಂದ ಬರುತ್ತದೆ. ಭಟ್ಕಳದಿಂದ ಕಾರವಾರಕ್ಕೆ ಸಂಜೆ ಬರುವವರಿಗೆ ಎದುರುಗಾಳಿ, ಬೆಳಿಗ್ಗೆ ಅಷ್ಟು ಗಾಳಿ ಇರುವುದಿಲ್ಲ. ಒಂದೇ ದಾರಿಯಲ್ಲಿ ಹೋಗುವಾಗ 31, ಬರುವಾಗ 28 ಬಂದರೆ ಬೈಕಿಗೆ ಏನೂ ಆಗಿಲ್ಲ.

ಪರೀಕ್ಷೆ ಮಾಡಬೇಕಾ? ಒಂದು ಟ್ಯಾಂಕ್ ಪೂರ್ತಿ 75–80 ದಾಟದೆ ಓಡಿಸಿ. ಮೈಲೇಜ್ ಹಳೇ ಮಟ್ಟಕ್ಕೆ ಬಂದರೆ ಕಾರಣ ನಿಮ್ಮ ಬಲಗೈ. ಉಳಿದ ಪ್ರಶ್ನೆ ಓದಬೇಕಾಗಿಲ್ಲ.

ಟೈರಿನ ಗಾಳಿ ಅಷ್ಟೊಂದು ಮುಖ್ಯವಾ?

ಹೌದು, ಮತ್ತು ಅದಕ್ಕೆ ಖರ್ಚು ಏನೂ ಇಲ್ಲ. ಟ್ಯೂಬ್ ಇರುವ ಟೈರಿನಲ್ಲಿ ತಿಂಗಳಿಗೆ ಒಂದೆರಡು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತಾನಾಗಿ ಇಳಿಯುತ್ತದೆ. ಮೂರು ತಿಂಗಳು ನೋಡದೆ ಬಿಟ್ಟರೆ ಹಿಂದಿನ ಚಕ್ರ ಮೆತ್ತಗಾಗಿರುತ್ತದೆ, ಆದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಎಷ್ಟು ಹಾಕಬೇಕು ಅನ್ನುವುದು ಚೈನ್ ಕವರ್ ಅಥವಾ ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಮೇಲಿನ ಸ್ಟಿಕರಿನಲ್ಲಿ ಇರುತ್ತದೆ, ಹಿಂದೆ ಒಬ್ಬರು ಕೂತರೆ ಎಷ್ಟು ಅನ್ನುವುದೂ ಬೇರೆ ಇರುತ್ತದೆ. ಪಂಕ್ಚರ್ ಅಂಗಡಿಯ ಹುಡುಗ ಎಲ್ಲ ಗಾಡಿಗೂ ಒಂದೇ ಅಳತೆ ಹಾಕಿದರೆ ತಡೆಯಿರಿ. ಬೆಳಿಗ್ಗೆ ಟೈರ್ ತಣ್ಣಗಿರುವಾಗ ನೋಡಿ, ಓಡಿಸಿ ಬಿಸಿಯಾದ ಮೇಲೆ ನೋಡಿದರೆ ಮೂರ್ನಾಲ್ಕು ಪಿಎಸ್‌ಐ ಜಾಸ್ತಿ ತೋರಿಸುತ್ತದೆ. ಕೈಯಲ್ಲಿ ಹಿಡಿಯುವ ಒಂದು ಸಣ್ಣ ಗೇಜ್ ತೆಗೆದುಕೊಳ್ಳಿ, ಬಂಕಿನ ಗೇಜುಗಳು ಒಂದಕ್ಕೊಂದು ಹೊಂದುವುದಿಲ್ಲ.

ಮಣ್ಣುದಾರಿಗೆ ಅಂತ ಗಾಳಿ ಇಳಿಸಿ, ಡಾಂಬರಿಗೆ ಬಂದ ಮೇಲೆ ಹಾಕಿಸಲು ಮರೆಯುವುದು ನಮ್ಮಲ್ಲಿ ಮಾಮೂಲು. ದಪ್ಪ ಹಲ್ಲಿನ ಆಫ್‌ರೋಡ್ ಟೈರ್ ಹಾಕಿಸಿದವರು ಮೈಲೇಜ್ ಬಗ್ಗೆ ಕೇಳಲೇಬಾರದು, ಅದು ಆ ಟೈರಿನ ಬೆಲೆಯಲ್ಲೇ ಸೇರಿದೆ.

ಮಳೆಗಾಲದ ನಂತರ ಒಮ್ಮೆಲೇ ಮೈಲೇಜ್ ಬಿತ್ತು. ಎಲ್ಲಿ ನೋಡಲಿ?

ಬ್ರೇಕ್. ಮೊದಲು ಬ್ರೇಕ್. ಕರಾವಳಿಯಲ್ಲಿ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ.

ಡಿಸ್ಕ್ ಬ್ರೇಕಿನ ಕ್ಯಾಲಿಪರ್, ಅಂದರೆ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ, ಎರಡು ಪಿನ್ನುಗಳ ಮೇಲೆ ಜಾರುತ್ತಾ ಆಚೀಚೆ ಸರಿಯಬೇಕು. ಜೂನಿನಿಂದ ಸೆಪ್ಟೆಂಬರ್ ತನಕ ಮಳೆ, ಕೆಸರು, ಅದರ ಮೇಲೆ ಉಪ್ಪುಗಾಳಿ ತಿಂದು ಆ ಪಿನ್ನುಗಳಿಗೆ ತುಕ್ಕು ಹಿಡಿಯುತ್ತದೆ, ಗ್ರೀಸ್ ತೊಳೆದುಹೋಗುತ್ತದೆ, ಪಿಸ್ಟನ್ ಸುತ್ತ ಕೆಸರು ಗಟ್ಟಿಯಾಗುತ್ತದೆ. ಬ್ರೇಕ್ ಬಿಟ್ಟರೂ ಪ್ಯಾಡ್ ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ. ಬೈಕು ದೊಡ್ಡದಾದ್ದರಿಂದ ಎಂಜಿನ್ ಎಳೆದುಕೊಂಡು ಹೋಗುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ, ಪೆಟ್ರೋಲ್ ಮಾತ್ರ ಹೋಗುತ್ತಾ ಇರುತ್ತದೆ.

ಮೇನ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲಿನಲ್ಲಿ ಹಿಂದಿನ ಚಕ್ರ ಕೈಯಿಂದ ತಿರುಗಿಸಿ. ಚೈನಿನ ಎಳೆತ ಇರುವುದರಿಂದ ಬಹಳ ಸುತ್ತುವುದಿಲ್ಲ, ಆದರೆ ಒಂದೆರಡು ಸುತ್ತಾದರೂ ಸಲೀಸಾಗಿ ಹೋಗಬೇಕು. ಮುಂದಿನ ಚಕ್ರ ಎತ್ತಿ ತಿರುಗಿಸಿದರೆ ಇನ್ನೂ ಆರಾಮಾಗಿ ತಿರುಗಬೇಕು. ಪ್ಯಾಡ್ ಸ್ವಲ್ಪ ಸವರುವ ಶಬ್ದ ಬಂದರೆ ಪರವಾಗಿಲ್ಲ, ತಡೆದು ನಿಲ್ಲಿಸಿದರೆ ತಪ್ಪು. ಸ್ಟ್ಯಾಂಡ್ ಇಲ್ಲದಿದ್ದರೆ ಇನ್ನೊಂದು ದಾರಿ ಇದೆ: ಹತ್ತು ಕಿಲೋಮೀಟರ್ ಬ್ರೇಕ್ ಆದಷ್ಟು ಹಿಡಿಯದೆ ಓಡಿಸಿ, ನಿಲ್ಲಿಸಿ, ಡಿಸ್ಕಿನ ಹತ್ತಿರ ಕೈ ಒಯ್ಯಿರಿ. ಮುಟ್ಟಬೇಡಿ, ಸುಟ್ಟುಕೊಳ್ಳುತ್ತೀರಿ. ಒಂದು ಕಡೆ ಝಳ ಹೊಡೆದರೆ ಅಲ್ಲೇ ರೋಗ.

ಪಿನ್ ಬಿಚ್ಚಿ ಸ್ವಚ್ಛ ಮಾಡಿ ಬ್ರೇಕಿಗೆಂದೇ ಇರುವ ಸಿಲಿಕೋನ್ ಗ್ರೀಸ್ ಹಚ್ಚಬೇಕು. ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಮತ್ತೆ ಹಿಡಿಯುತ್ತದೆ, ಗ್ಯಾರೇಜಿನಲ್ಲಿ ನಿಂತು ನೋಡಿ. ಬ್ರೇಕ್ ಆಯಿಲ್ ನೀರು ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಹಿಂದಿನ ಬ್ರೇಕ್ ಪೆಡಲ್ ಎತ್ತರ ಜಾಸ್ತಿ ಇಟ್ಟು, ದಪ್ಪ ಬೂಟಿನ ಕಾಲು ಅದರ ಮೇಲೇ ಇಟ್ಟುಕೊಂಡು ಓಡಿಸುವವರೂ ಇದ್ದಾರೆ. ಹಿಂದೆ ಬರುವ ಗೆಳೆಯ "ನಿನ್ನ ಬ್ರೇಕ್ ಲೈಟ್ ಸದಾ ಉರಿಯುತ್ತಿರುತ್ತದೆ" ಅಂದರೆ ತಮಾಷೆ ಅಂದುಕೊಳ್ಳಬೇಡಿ.

ಬ್ರೇಕ್ ಸರಿ ಇದ್ದರೆ ಮುಂದೆ ಚೈನು, ಆಮೇಲೆ ಚಕ್ರದ ಬೇರಿಂಗ್. ಬೇರಿಂಗಿಗೆ ನೀರು ಹೋದರೆ ಚಕ್ರ ತಿರುಗಿಸುವಾಗ ಕರಕರ ಅನ್ನುತ್ತದೆ.

ಚೈನಿಗೆ ಏನು ಹಚ್ಚಲಿ? ಹಳೇ ಎಂಜಿನ್ ಆಯಿಲ್ ಆಗುತ್ತದಾ?

ಹಳೇ ಎಂಜಿನ್ ಆಯಿಲ್ ಬೇಡ, ಅದರಲ್ಲಿ ಲೋಹದ ಪುಡಿ, ಮಸಿ ಎಲ್ಲ ಇರುತ್ತದೆ. ಚೈನ್ ಸ್ಪ್ರೇ ಒಳ್ಳೆಯದು, ಇಲ್ಲದಿದ್ದರೆ 90ರ ಗೇರ್ ಆಯಿಲ್ ಸಾಕು. ಸೀಮೆಎಣ್ಣೆಯಲ್ಲಿ ಮೆತ್ತನೆ ಬ್ರಷ್ ಅದ್ದಿ ಉಜ್ಜಿ, ಒರೆಸಿ, ಒಣಗಿದ ಮೇಲೆ ಹಚ್ಚಿ. ಪೆಟ್ರೋಲು, ತಂತಿ ಬ್ರಷ್ ಎರಡೂ ಚೈನಿನೊಳಗಿನ ರಬ್ಬರ್ ಬಳೆ, ಅಂದರೆ ಓ ರಿಂಗ್ ಹಾಳು ಮಾಡುತ್ತವೆ. ಸಾಮಾನ್ಯ ದಿನಗಳಲ್ಲಿ 500 ಕಿಲೋಮೀಟರಿಗೊಮ್ಮೆ, ನಮ್ಮ ಮಳೆಗಾಲದಲ್ಲಿ ಒಂದು ಲಾಂಗ್ ರೈಡ್ ಮುಗಿದ ಕೂಡಲೇ.

ಬಿಗಿ ಮಾಡಿಸುವಾಗ ಎಚ್ಚರ. ಬಹಳಷ್ಟು ರೋಡ್ ಬೈಕುಗಳಲ್ಲಿ ಚೈನು 25ರಿಂದ 35 ಮಿಲಿಮೀಟರ್ ಮೇಲೆ ಕೆಳಗೆ ಆಡಬೇಕು, ಅಡ್ವೆಂಚರ್ ಬೈಕಿನಲ್ಲಿ ಇನ್ನೂ ಜಾಸ್ತಿ ಇರಬಹುದು, ಪುಸ್ತಕ ನೋಡಿ. ಶಬ್ದ ಬರಬಾರದು ಅಂತ ತಂತಿ ಹಾಗೆ ಬಿಗಿ ಮಾಡಿದರೆ ಇಬ್ಬರು ಕೂತಾಗ ಇನ್ನೂ ಬಿಗಿಯಾಗಿ ಬೇರಿಂಗ್ ತಿನ್ನುತ್ತದೆ, ಮೈಲೇಜೂ ಹೋಗುತ್ತದೆ. ಬಿಗಿ ಮಾಡಿದ ಮೇಲೆ ಚಕ್ರ ಎರಡೂ ಬದಿಯ ಗುರುತಿಗೆ ಸರಿಯಾಗಿ ಕೂತಿದೆಯಾ ನೋಡಿ.

ಏರ್ ಫಿಲ್ಟರ್ ಬದಲಾಯಿಸಿದರೂ ಏನೂ ಆಗಲಿಲ್ಲ. ಯಾಕೆ?

ಇಂಜೆಕ್ಷನ್ ಗಾಡಿಯಲ್ಲಿ ಆಗುವುದೂ ಇಲ್ಲ. ಗಾಳಿ ಕಡಿಮೆ ಬಂದರೆ ಇಸಿಯು (ಎಂಜಿನ್ ನಿಯಂತ್ರಿಸುವ ಸಣ್ಣ ಕಂಪ್ಯೂಟರ್) ಪೆಟ್ರೋಲೂ ಕಡಿಮೆ ಕೊಡುತ್ತದೆ. ನಿಮಗೆ ಗೊತ್ತಾಗುವುದು ಎಳೆತ ಕಡಿಮೆ ಆದದ್ದು, ಮೈಲೇಜ್ ಅಲ್ಲ. ಕಾರ್ಬುರೇಟರಿನಲ್ಲಿ ಮಾತ್ರ ಫಿಲ್ಟರ್ ಕಟ್ಟಿಕೊಂಡರೆ ಪೆಟ್ರೋಲ್ ಜಾಸ್ತಿ ಹೋಗುತ್ತದೆ. ಹಾಗಂತ ಬದಲಾಯಿಸದೆ ಇರಬೇಡಿ. ಚೀರೆಕಲ್ಲಿನ ಕೆಂಪು ಧೂಳು ಇರುವ ದಾರಿಯಲ್ಲಿ, ರಸ್ತೆ ಕೆಲಸ ನಡೆಯುವ ಕಡೆ ದಿನಾ ಓಡಿಸುವವರು ಪುಸ್ತಕದ ಅವಧಿಗಿಂತ ಮೊದಲೇ ತೆರೆದು ನೋಡಿ. ಪೇಪರ್ ಫಿಲ್ಟರ್ ತೊಳೆಯಬಾರದು, ಫೋಮ್ ಆದರೆ ತೊಳೆದು ಎಣ್ಣೆ ಹಚ್ಚಬಹುದು.

ಸ್ಪಾರ್ಕ್ ಪ್ಲಗ್ ನೋಡಿ ಏನು ತಿಳಿಯುತ್ತದೆ?

ತುದಿ ತಿಳಿ ಕಂದು ಬಣ್ಣ ಇದ್ದರೆ ಎಲ್ಲ ಸರಿ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಬರುತ್ತಿದೆ. ಎಣ್ಣೆ ಪಸೆ ಇದ್ದರೆ ರಿಂಗ್ ಅಥವಾ ವಾಲ್ವ್ ಸೀಲ್. ಬೆಳ್ಳಗೆ ಸುಟ್ಟಂತೆ ಇದ್ದರೆ ಪೆಟ್ರೋಲ್ ಕಡಿಮೆ, ಅದು ಮೈಲೇಜಿನ ತೊಂದರೆ ಅಲ್ಲ, ಆದರೆ ಬಿಡಬಾರದು.

ಚೆಕ್ ಎಂಜಿನ್ ಲೈಟ್ ಬಂದಿದೆ, ಪೆಟ್ರೋಲ್ ವಾಸನೆಯೂ ಇದೆ.

ಇದು ನೇರವಾಗಿ ಸ್ಕ್ಯಾನರ್ ಇರುವ ಗ್ಯಾರೇಜಿಗೆ ಹೋಗಬೇಕಾದ ವಿಷಯ. ಬಿಎಸ್6 (ಈಗಿನ ಹೊಗೆ ನಿಯಮದ) ಗಾಡಿಗಳಲ್ಲಿ ಸೈಲೆನ್ಸರ್ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್ ಇರುತ್ತದೆ. ಅದು ಕೆಟ್ಟರೆ ಇಸಿಯುಗೆ ಕಣ್ಣು ಕಟ್ಟಿದ ಹಾಗೆ, ಎಂಜಿನ್ ಸುರಕ್ಷಿತವಾಗಿರಲಿ ಅಂತ ಪೆಟ್ರೋಲ್ ಸ್ವಲ್ಪ ಜಾಸ್ತಿಯೇ ಸುರಿಯುತ್ತದೆ. ಎಂಜಿನ್ನಿನ ಬಿಸಿ ಅಳೆಯುವ ಸೆನ್ಸರ್ ಕೆಟ್ಟರೂ ಇದೇ ಕಥೆ: ಗಾಡಿ ಇನ್ನೂ ತಣ್ಣಗಿದೆ ಅಂದುಕೊಂಡು ಇಡೀ ದಾರಿ ಜಾಸ್ತಿ ಪೆಟ್ರೋಲ್ ಕೊಡುತ್ತಾ ಹೋಗುತ್ತದೆ. ಕೂಲೆಂಟ್ ಇರುವ ಗಾಡಿಗಳಲ್ಲಿ ಥರ್ಮೋಸ್ಟಾಟ್ (ಕೂಲೆಂಟ್ ಹರಿವು ನಿಯಂತ್ರಿಸುವ ಕವಾಟ) ತೆರೆದೇ ನಿಂತರೂ ಎಂಜಿನ್ ಬಿಸಿ ಏರುವುದಿಲ್ಲ. ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸಿದರೂ ಟೆಂಪರೇಚರ್ ಕಡ್ಡಿ ಕೆಳಗೇ ಇದ್ದರೆ ಅದನ್ನು ಹೇಳಿ.

ನಮ್ಮ ಕಡೆ ಸೆನ್ಸರ್ ಬದಲಾಯಿಸುವ ಮೊದಲು ಅದರ ವೈರಿನ ಸಾಕೆಟ್ ಬಿಚ್ಚಿ ನೋಡಲು ಹೇಳಿ. ಒಳಗೆ ಹಸಿರು ಪಾಚಿಯಂತೆ ತುಕ್ಕು ಕೂತಿದ್ದರೆ ಸ್ವಚ್ಛ ಮಾಡಿದರೇ ಸರಿಹೋಗಬಹುದು. ಸಾವಿರಾರು ರೂಪಾಯಿ ಉಳಿಯುತ್ತದೆ. ಹೊಸ ಸೈಲೆನ್ಸರ್ ಹಾಕಿಸಿ ಆ ಸೆನ್ಸರನ್ನು ಕಟ್ಟಿಟ್ಟವರಿಗೆ ಬೇರೆ ಉತ್ತರ ಬೇಕಾಗಿಲ್ಲ.

ನನ್ನದು ಹಳೇ ಕಾರ್ಬುರೇಟರ್ ಗಾಡಿ.

ಚೋಕ್ ಪೂರ್ತಿ ವಾಪಸ್ ಹೋಗುತ್ತಿದೆಯಾ ನೋಡಿ, ಕೇಬಲ್ ತುಕ್ಕು ಹಿಡಿದು ಅರ್ಧಕ್ಕೇ ನಿಲ್ಲುವುದು ಸಾಮಾನ್ಯ. ಆಮೇಲೆ ಫ್ಲೋಟ್ ಮಟ್ಟ, ಡಯಾಫ್ರಾಮ್ ಹರಿದಿದೆಯಾ, ಜೆಟ್ಟಿನ ಸೂಜಿ ಸವೆದಿದೆಯಾ. ವಾಲ್ವ್ ಕ್ಲಿಯರೆನ್ಸ್ ಕೂಡ ಪುಸ್ತಕದ ಪ್ರಕಾರ ಹೊಂದಿಸಿ. ವಾಲ್ವ್ ಬಿಗಿಯಾದರೆ ಸದ್ದು ಕಡಿಮೆ ಆಗುತ್ತದೆ, ಜನ ಗಾಡಿ ಚೆನ್ನಾಗಿದೆ ಅಂದುಕೊಳ್ಳುತ್ತಾರೆ, ಒಳಗೆ ಕಂಪ್ರೆಷನ್ ಸೋರುತ್ತಿರುತ್ತದೆ.

ಎಂಜಿನ್ ಆಯಿಲಿನಿಂದ ಮೈಲೇಜ್ ಬೀಳುತ್ತದಾ?

ಬೀಳಬಹುದು, ಎರಡು ರೀತಿ. ಹೇಳಿದ್ದಕ್ಕಿಂತ ದಪ್ಪ ಆಯಿಲ್ ಹಾಕಿದರೆ ಸ್ವಲ್ಪ ಬೀಳುತ್ತದೆ. ಕಾರಿನ ಆಯಿಲ್ ಹಾಕಿದರೆ ದೊಡ್ಡ ತೊಂದರೆ. ಬೈಕಿನಲ್ಲಿ ಕ್ಲಚ್ ಅದೇ ಆಯಿಲಿನಲ್ಲಿ ಮುಳುಗಿರುತ್ತದೆ, ಕಾರಿನ ಆಯಿಲಿನ ಜಾರು ಪದಾರ್ಥಕ್ಕೆ ಕ್ಲಚ್ ಪ್ಲೇಟ್ ಜಾರುತ್ತದೆ. ಡಬ್ಬಿಯ ಮೇಲೆ ಬೈಕ್ ಆಯಿಲಿನ ಗುಣಮಟ್ಟದ ಗುರುತು ಜಾಸೋ ಎಂಎ ಅಥವಾ ಎಂಎ2 ಇರಬೇಕು, ಎಂಬಿ ಅಂತ ಇದ್ದರೆ ಅದು ಸ್ಕೂಟರಿಗೆ. ಕ್ಲಚ್ ಜಾರುತ್ತಿದೆಯಾ ತಿಳಿಯಲು ನಮಗೆ ಘಟ್ಟವೇ ಇದೆ. ಏರಿನಲ್ಲಿ ಮೇಲಿನ ಗೇರಿನಲ್ಲಿ ಎಕ್ಸಲೇಟರ್ ಪೂರ್ತಿ ತಿರುವಿ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಹೋಗಿದೆ.

ಎಲ್ಲ ಎಥನಾಲಿನ ಕಾರಣ ಅನ್ನುತ್ತಾರೆ. ನಿಜವಾ?

ಸ್ವಲ್ಪ ನಿಜ. ಒಂದು ಲೀಟರ್ ಎಥನಾಲಿನಲ್ಲಿ ಇರುವ ಶಕ್ತಿ ಪೆಟ್ರೋಲಿನ ಸುಮಾರು ಮೂರರಲ್ಲಿ ಎರಡು ಭಾಗ. ಶೇಕಡಾ 20 ಬೆರೆಸಿದರೆ ಒಟ್ಟು ಶಕ್ತಿ ಶೇಕಡಾ 6–7 ಕಡಿಮೆ, ಶುದ್ಧ ಪೆಟ್ರೋಲಿಗೆ ಹೋಲಿಸಿದರೆ. ಆದರೆ ಶುದ್ಧ ಪೆಟ್ರೋಲ್ ನಮಗೆ ಸಿಗದೆ ವರ್ಷಗಳಾದವು. 2022ರಲ್ಲೇ ದೇಶದಲ್ಲಿ ಶೇಕಡಾ 10 ಮಿಶ್ರಣ ಆಗಿತ್ತು, 2025ರಲ್ಲಿ 20ಕ್ಕೆ ಬಂತು. ಹತ್ತರಿಂದ ಇಪ್ಪತ್ತಕ್ಕೆ ಹೋದದ್ದರ ನಷ್ಟ ಶೇಕಡಾ 3–4. ನೀತಿ ಆಯೋಗದ 2021ರ ವರದಿಯೂ ಹಳೇ ವಿನ್ಯಾಸದ ದ್ವಿಚಕ್ರ ವಾಹನಗಳಿಗೆ ಇ20ರಿಂದ (ಶೇಕಡಾ 20 ಎಥನಾಲ್ ಇರುವ ಪೆಟ್ರೋಲ್) ಶೇಕಡಾ 3–4 ಕಡಿಮೆ ಆಗಬಹುದು ಅಂದಿತ್ತು. ಅಂದರೆ 30 ಇದ್ದದ್ದು 29 ಆಗಬೇಕು. 22 ಆದರೆ ಎಥನಾಲನ್ನು ಬೈದು ಕೂತು ಪ್ರಯೋಜನ ಇಲ್ಲ, ಬ್ರೇಕ್ ನೋಡಿ.

ನಮಗೆ ಎಥನಾಲಿನ ನಿಜವಾದ ತಲೆನೋವು ಬೇರೆ. ಅದು ನೀರು ಹೀರುತ್ತದೆ, ಜಾಸ್ತಿ ನೀರು ಸೇರಿದರೆ ಎರಡೂ ಕೂಡಿ ಟ್ಯಾಂಕಿನ ತಳಕ್ಕೆ ಕೂರುತ್ತವೆ. ಟ್ಯಾಂಕ್ ಮುಚ್ಚಳದ ಸುತ್ತ ಬಿದ್ದ ಮಳೆನೀರು ಹರಿದುಹೋಗಲು ಒಂದು ಸಣ್ಣ ತೂತು ಮತ್ತು ಪೈಪ್ ಇರುತ್ತದೆ. ಅದು ಕಸ ಕಟ್ಟಿದರೆ ನೀರು ಒಳಗೇ ಇಳಿಯುತ್ತದೆ. ಜೂನ್ ಬರುವ ಮೊದಲು ತೆಳು ಪ್ಲಾಸ್ಟಿಕ್ ಎಳೆ ಹಾಕಿ ಬಿಡಿಸಿ. ಮಳೆಗಾಲದಲ್ಲಿ ಗಾಡಿ ನಿಲ್ಲಿಸಿಡುವವರು ಟ್ಯಾಂಕ್ ತುಂಬಿಸಿಡಿ, ಖಾಲಿ ಜಾಗದಲ್ಲಿ ಹಸಿ ಗಾಳಿ ಕೂರುತ್ತದೆ.

ಬಂಕಿನಲ್ಲಿ ಕಡಿಮೆ ಹಾಕುತ್ತಾರೆ ಅಂತ ಅನುಮಾನ.

ಅನುಮಾನ ಇದ್ದರೆ 5 ಲೀಟರಿನ ಅಳತೆ ಪಾತ್ರೆಯಲ್ಲಿ ಹಾಕಿ ತೋರಿಸಿ ಅಂತ ಕೇಳಿ. ಮುದ್ರೆ ಒತ್ತಿದ ಆ ಪಾತ್ರೆ ಎಲ್ಲ ಬಂಕಿನಲ್ಲೂ ಇರಲೇಬೇಕು, ಕೇಳುವುದು ನಿಮ್ಮ ಹಕ್ಕು. 5 ಲೀಟರಿಗೆ 25 ಮಿಲಿಲೀಟರ್ ಆಚೀಚೆ ಆಗಬಹುದು, ಅದಕ್ಕಿಂತ ಕಡಿಮೆ ಇದ್ದರೆ ದೂರು ಕೊಡಿ. 100ರ ಬದಲು 110 ರೂಪಾಯಿಗೆ ಹಾಕಿಸಿದರೆ ಮೋಸ ಆಗುವುದಿಲ್ಲ ಅನ್ನುವುದು ಬರೀ ನಂಬಿಕೆ.

ಕತ್ತಿನವರೆಗೆ ತುಂಬಿಸಬಹುದಾ?

ಬೇಡ. ನಾಜಲ್ ತಾನಾಗಿ ನಿಂತ ಮೇಲೆ ಒತ್ತಿ ಒತ್ತಿ ತುಂಬಿಸಿದರೆ ಆವಿ ಹಿಡಿಯುವ ಡಬ್ಬಿಗೆ ಪೆಟ್ರೋಲೇ ಹೋಗುತ್ತದೆ, ಅಲ್ಲಿಂದ ಎಂಜಿನ್ನಿಗೆ. ಗಾಡಿ ಉಸಿರು ಕಟ್ಟಿದ ಹಾಗೆ ಓಡುತ್ತದೆ, ಹೋದ ಪೆಟ್ರೋಲ್ ಲೆಕ್ಕಕ್ಕೂ ಸಿಗುವುದಿಲ್ಲ.

95 ಆಕ್ಟೇನ್ ಪೆಟ್ರೋಲ್, ಮೈಲೇಜ್ ಹೆಚ್ಚಿಸುವ ಬಾಟಲಿ?

ಪುಸ್ತಕದಲ್ಲಿ ಬೇಕು ಅಂದಿದ್ದರೆ ಹಾಕಿ. ಇಲ್ಲದಿದ್ದರೆ ಆ ಹೆಚ್ಚಿನ ದುಡ್ಡು ಮೈಲೇಜಿನಲ್ಲಿ ವಾಪಸ್ ಬರುವುದಿಲ್ಲ. ಬಾಟಲಿಗಳಂತೂ ಬೇಡವೇ ಬೇಡ.

ಫಾಗ್ ಲೈಟ್ ಹಾಕಿಸಿದ್ದಕ್ಕೆ ಕಡಿಮೆ ಆಯಿತಾ?

ಬಹಳಷ್ಟು ಬೈಕುಗಳಲ್ಲಿ ಇಲ್ಲ. ಅವುಗಳ ಆಲ್ಟರ್ನೇಟರ್ ಹೇಗೂ ಪೂರ್ತಿ ಕರೆಂಟ್ ಉತ್ಪಾದಿಸುತ್ತದೆ, ಉಳಿದದ್ದನ್ನು ರೆಗ್ಯುಲೇಟರ್ ಬಿಸಿ ಮಾಡಿ ಕಳೆಯುತ್ತದೆ. ದೇವಿಮನೆಯ ಮಂಜಿನಲ್ಲಿ ಲೈಟ್ ಬೇಕೇ ಬೇಕು, ಉರಿಸಿ.

ಗೋವಾದಲ್ಲಿ ಪೆಟ್ರೋಲ್ ಅಗ್ಗ. ಕಾರವಾರದಿಂದ ಗಡಿಯಾಚೆಯ ಪೋಳೆಂಗೆ ಹೋಗಿ ತುಂಬಿಸಿಕೊಂಡು ಬರಲಾ?

ಅಲ್ಲಿ ತೆರಿಗೆ ಕಡಿಮೆ, ಹಾಗಾಗಿ ಅಗ್ಗ ಹೌದು. ಲೀಟರಿಗೆ 6 ರೂಪಾಯಿ ಉಳಿಯಿತು ಅಂತ ಇಟ್ಟುಕೊಳ್ಳಿ, 10 ಲೀಟರಿಗೆ 60. ಮಾಜಾಳಿ ದಾಟಿ ಹೋಗಿ ಬರಲು 30 ಕಿಲೋಮೀಟರ್ ಅಂತ ಹಿಡಿದರೆ ಒಂದು ಲೀಟರ್ ಖರ್ಚು, ಅಲ್ಲಿಗೇ ನೂರು ರೂಪಾಯಿ ಹತ್ತಿರ ಹೋಯಿತು. ಬರೀ ಪೆಟ್ರೋಲಿಗೆ ಹೋಗಬೇಡಿ. ಕಾಣಕೋಣಕ್ಕೋ ಮಡಗಾಂವಿಗೋ ಹೇಗೂ ಹೋದವರು ಬರುವಾಗ ತುಂಬಿಸಿಕೊಳ್ಳಿ. ಮೈಲೇಜ್ ಅಳೆಯುತ್ತಿರುವ ವಾರ ಮಾತ್ರ ಬಂಕ್ ಬದಲಾಯಿಸಬೇಡಿ.